ಮಗಳು ಯಾರಿಗೂ ಹೇಳದ ಗಾಳಿ

ಆಗ ನನಗೆ ಐವತ್ತಾರು. ಇಪ್ಪತ್ತು ವರ್ಷದ ಮೇಲಾಯಿತು. ಮಗಳು ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಐವಾನ್-ಎ-ಶಾಹಿ ಕಡೆ ಒಂದು ಕೋಣೆ ಹಿಡಿದಿದ್ದಳು. ಊಟ ಬಿಟ್ಟು ಕಡ್ಡಿಯಾಗಿದ್ದಾಳೆಂದು ಯಾರೋ ಹೇಳಿದರು. ರೊಟ್ಟಿ ಬಡಿದು ಹಾಕೋಣವೆಂದು ನಾನು ಕಮಲಾಪುರದಿಂದ ಹೋಗಿದ್ದೆ.

ಅವಳ ಓದು ನನಗೆ ತಿಳಿದದ್ದು ಇಷ್ಟೆ. ಬಹಳ ದೂರದಲ್ಲಿ ಕ್ವೇಸಾರ್ ಎಂಬುವು ಇವೆ. ಒಂದೊಂದರ ನಟ್ಟನಡುವೆ ಕಪ್ಪು ಕುಳಿಯೊಂದು ಸುತ್ತಲಿನದನ್ನೆಲ್ಲ ನುಂಗುತ್ತದೆ. ನುಂಗಲಾಗದ್ದು ಗಾಳಿಯಾಗಿ ಹೊರಗೆ ನುಗ್ಗುತ್ತದೆ. ಆ ಗಾಳಿಯ ಸುಳಿವು ಎಕ್ಸ್-ರೇ ಬೆಳಕಿನಲ್ಲಿ ಸಿಗುತ್ತದೆ. ಆ ಬೆಳಕು ನೆಲಕ್ಕೆ ಬಂದು ಮುಟ್ಟುವುದಿಲ್ಲ, ಅದಕ್ಕೇ ದುರ್ಬೀನನ್ನು ಆಕಾಶಕ್ಕೆ ಹಾರಿಸಿದ್ದಾರೆ.

"ಗಾಳಿ ನಿನಗ ಹ್ಯಾಂಗ ಕಾಣ್ತದ?" ಎಂದು ಕೇಳಿದ್ದೆ.

"ಗಾಳಿ ಕಾಣಂಗಿಲ್ಲ ಅವ್ವಾ. ತೊಗರಿ ತೂರುವಾಗ ಹೊಟ್ಟು ಅಡ್ಡ ಬಂದ್ರ ಬಿಸಿಲು ಮಬ್ಬಾಗ್ತದಲ್ಲ? ಹಂಗ ಬೆಳಕು ಅಳದು ಎಳದ ಗೆರಿಯಾಗ ಒಂದು ತಗ್ಗು ಬೀಳ್ತದ."

ಅಂಥ ತಗ್ಗು ಹಿಂದಿನ ವರ್ಷ ಅವಳಿಗೆ ಒಂದು ಕ್ವೇಸಾರಿನಲ್ಲಿ ಸಿಕ್ಕಿತ್ತು. ಅದನ್ನು ಅವಳು ತನ್ನ ಗೈಡ್ ಸರ್‌ಗೂ ಹೇಳಿರಲಿಲ್ಲ. ನಮ್ಮಲ್ಲಿ ರಾಶಿ ಅಳೆದು ಮುಗಿಯುವ ತನಕ ಎಷ್ಟಾಯಿತೆಂದು ಬಾಯಿ ಬಿಡುವುದಿಲ್ಲ, ಬಿಟ್ಟರೆ ರಾಶಿ ಇಳಿಯುತ್ತದೆ ಎನ್ನುತ್ತಾರೆ. ಕಣದಲ್ಲಿ ಬೆಳೆದ ಹುಡುಗಿ, ಹಾಗೇ ಸುಮ್ಮನಿದ್ದಳು. ಬೇರೆ ಯಾರದೋ ಕೆಲಸಕ್ಕೆ ದುರ್ಬೀನು ಅದೇ ಕ್ವೇಸಾರನ್ನು ಇನ್ನೊಮ್ಮೆ ನೋಡಿತ್ತು, ಆ ಮಾಹಿತಿ ಆಗಷ್ಟೇ ಎಲ್ಲರಿಗೂ ಬಿಟ್ಟಿದ್ದರು. ಅದರಲ್ಲೂ ತಗ್ಗು ಇದ್ದರೆ ಅವಳ ಥೀಸಿಸ್ ಉಳಿಯಿತು. ಇಲ್ಲದಿದ್ದರೆ ಮೂರು ವರ್ಷದ ದುಡಿಮೆ ಹೋಯಿತು.

ಮಾಹಿತಿ ಇಳಿಸಿಕೊಳ್ಳಲು ಸೂಪರ್ ಮಾರ್ಕೆಟ್ ಬಜಾರಿನ ಇಂಟರ್ನೆಟ್ ಅಂಗಡಿಗೆ ಹೋದೆವು. ಅದು ಇಳಿಯುವುದು ನೋಡಿದರೆ ತೂತಿನ ಕೊಡದಿಂದ ನೀರು ಜಿನುಗಿದ ಹಾಗೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಮಗಳು ಉಗುರು ಕಚ್ಚುತ್ತಿದ್ದಳು, ನಾನು ಪಂಖವನ್ನೇ ನೋಡುತ್ತಿದ್ದೆ, ನಿಂತೀತೆಂದು.

"ಸಿನೆಮಾ ಇಳಸ್ಲಾಕತ್ತಾಳೇನ್ರಿ ನಿಮ್ಮ ಮಗಳು? ಮುಂಜಾನಿಂದ ಕುಂತಾಳ," ಎಂದ ಅಂಗಡಿಯವ.

"ಹೌದಪ್ಪ, ಗಾಳಿ ಸಿನೆಮಾ. ನಿನಗ ತಿಳಿಯಂಗಿಲ್ಲ, ಸುಮ್ಮನಿರು."

ಅವನು ನಕ್ಕ. ನನಗೆ ನಗೆ ಬರಲಿಲ್ಲ.

ಇಳಿದದ್ದನ್ನು ಸಿ.ಡಿ.ಯಲ್ಲಿ ತಂದು ಕೋಣೆಯ ಕಂಪ್ಯೂಟರಿಗೆ ಹಾಕಿದಳು. ಮಾರನೇ ದಿನ ಮಧ್ಯಾಹ್ನ ಗೆರೆ ಮೂಡಿತು. ಅದು ಸಪಾಟಾಗಿತ್ತು, ನನಗೇ ತಿಳಿಯುವ ಹಾಗೆ.

"ಯಾರಿಗೂ ಹೇಳಿದ್ದಿಲ್ಲ, ಛಲೋ ಆಯ್ತು," ಎಂದಳು. "ಇದನ್ನ ಬಿಟ್ಟು ಬ್ಯಾರೆ ಏನರೆ ತಗೋತೀನಿ." ರೊಟ್ಟಿ ತಟ್ಟೆಯಲ್ಲೇ ಸೆಟೆದಿತ್ತು.

"ಬಿಡೂದಾದ್ರ ಸರ್‌ಗೆ ತೋರಿಸಿ ಬಿಡು," ಎಂದೆ. ಅರ್ಧ ದಾರಿಯಲ್ಲಿ ತಿರುಗಿ ಬಂದಾಳೆಂದು ಜೊತೆಗೆ ನಾನೂ ಹೋದೆ.

ಸರ್ ತಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಗೆರೆಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಮೊದಲಿಂದು ಯಾವಾಗ ಸಿಕ್ತು?"

"ಹೋದ ವರ್ಷ ಸರ್."

"ಯಾಕ ಹೇಳ್ಲಿಲ್ಲ?"

ಅವಳ ಬದಲು ನಾನು ಹೇಳಿದೆ, "ರಾಶಿ ಆಗೂತನಕ ನಾವು ಹೇಳಂಗಿಲ್ರಿ."

"ತಾಯಿ, ಇದು ತೊಗರಿ ಅಲ್ರಿ. ಹೋದ ವರ್ಷನೇ ಹೇಳಿದ್ರ ಮತ್ತೊಮ್ಮೆ ನೋಡ್ಲಿಕ್ಕೆ ಆಗಲೇ ಅರ್ಜಿ ಹಾಕ್ತಿದ್ವಿ." ಆಮೇಲೆ ಅವಳ ಕಡೆ ತಿರುಗಿದರು. "ಇಂಥ ಗಾಳಿ ಒಮ್ಮೆ ಬೀಸ್ತದ, ಒಮ್ಮೆ ನಿಲ್ತದ. ಅಥವಾ ಮೊದಲ ತಗ್ಗೇ ಸುಳ್ಳಿರಬಹುದು. ಎರಡು ಸಲ ನೋಡಿ ಹೇಳ್ಲಿಕ್ಕಾಗಲ್ಲ. ಈಗರೆ ಅರ್ಜಿ ಹಾಕು. ಎರಡು ವರ್ಷ ಹಿಡೀಬಹುದು. ಖಾತ್ರಿ ಏನೂ ಇಲ್ಲ ನೋಡು."

ದಾರಿಯಲ್ಲಿ ಅವಳು ಕೇಳಿದಳು, "ಎರಡು ವರ್ಷ ಕಾದೂ ಏನೂ ಸಿಗ್ದಿದ್ರ, ಅವ್ವಾ?"

"ಸಿಗಂಗಿಲ್ಲ, ಅಷ್ಟೇ." ಸುಳ್ಳು ಧೈರ್ಯ ಹೇಳಿ ನನಗೆ ರೂಢಿಯಿಲ್ಲ. "ಹಾಕ್ತೀಯೋ ಇಲ್ಲೋ ಅದು ಹೇಳು."

ಆಟೋಗಳ ಗದ್ದಲ ದಾಟಿ, ನಮ್ಮ ಓಣಿ ಬಂದ ಮೇಲೆ "ಹಾಕ್ತೀನಿ" ಎಂದಳು. ಇವಳು ಒಬ್ಬಳೇ ಇದ್ದರೆ ಈ ಎರಡು ವರ್ಷ ತಿನ್ನದೆಯೇ ಕಳೆಯುತ್ತಾಳೆ ಎಂದುಕೊಂಡೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಎಮ್ಮೆಯನ್ನು ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಕೊಟ್ಟಿಗೆಯಲ್ಲಿ ಕಟ್ಟಿ, ಜೋಳ, ರೊಟ್ಟಿ ಹಂಚು, ಹಾಸಿಗೆ ಗಂಟು ಕಟ್ಟಿಕೊಂಡು ಮನೆಗೆ ಬೀಗ ಹಾಕಿ, ಮತ್ತೆ ಕಲಬುರಗಿಯ ಬಸ್ಸು ಹತ್ತಿದೆ.