ಹತ್ತಿ ತುರುಕಿದ ಗೆಜ್ಜೆ

ಅಕ್ಕನ ಕೈಚೀಲದಿಂದ ಮೊದಲು ಗೊಂಚಲು ಹೊರಬರುತ್ತಿತ್ತು, ಅದರ ಹಿಂದೆ ಫೋನು. ಬಟ್ಟೆಯ ಬೆಕ್ಕು, ಪ್ಲಾಸ್ಟಿಕ್ಕಿನ ಅನ್ನದ ಉಂಡೆ, ಕೆಂಪು ರೇಷ್ಮೆಯ ಗೊಂಡೆ, ಕಡಲೆಕಾಳಿನಷ್ಟು ದಪ್ಪದ ಗೆಜ್ಜೆ, ಎಲ್ಲವೂ ಫೋನಿನ ಕೇಸಿಗೆ ಕಟ್ಟಿದ ಒಂದೇ ದಾರದಲ್ಲಿ ಜೋತಾಡುತ್ತಿದ್ದವು. ಗೆಜ್ಜೆ ಮಾತ್ರ ಸದ್ದು ಮಾಡುತ್ತಿರಲಿಲ್ಲ. ಟೋಕಿಯೋದ ರೈಲಿನಲ್ಲಿ ಪಕ್ಕದವರಿಗೆ ಕಿರಿಕಿರಿಯಾಗಬಾರದೆಂದು ಅದರೊಳಗೆ ಹತ್ತಿ ತುರುಕಿದ್ದಳು.

ಅವಳು ನನ್ನ ಓರಗಿತ್ತಿ. ಮದುವೆಯಾದಾಗಿನಿಂದ ಟೋಕಿಯೋದಲ್ಲೇ ಇದ್ದವಳನ್ನು, ಅತ್ತೆಗೆ ಮಂಡಿ ಆಪರೇಷನ್ ಆದಾಗ ನೋಡಿಕೊಳ್ಳಲೆಂದು ಭಾವ ನಮ್ಮ ಜಾರ್ಜ್‌ಟೌನಿನ ಮನೆಗೆ ಕಳಿಸಿದರು. "ಹಿಂದೇನೇ ನಾನೂ ಬರ್ತೀನಿ" ಅಂದರು. ಬರಲಿಲ್ಲ. ಹೊಸ ವರ್ಷಕ್ಕೆ ಅವರ ಬದಲು ಫೋನಿಗೆ ಕಟ್ಟುವ ಇನ್ನೊಂದು ಗೊಂಬೆ ಅಂಚೆಯಲ್ಲಿ ಬರುತ್ತಿತ್ತು. ಅಕ್ಕ ಅದನ್ನೂ ದಾರಕ್ಕೆ ಸೇರಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಮಾಂಗಲ್ಯದ ಸರ ಹರಿದು ಹೊಸದಾಗಿ ಪೋಣಿಸುವಾಗ, ಉಳಿದ ಕರಿಮಣಿಗಳನ್ನೂ ಆ ದಾರಕ್ಕೇ ಏರಿಸಿದಳು. ಅತ್ತೆಯ ಕಣ್ಣಿಗೆ ಬಿದ್ದು ರಂಪವಾಯಿತು.

"ಕರಿಮಣಿನ ಫೋನಿಗೆ ಕಟ್ಟಿದೀಯಲ್ಲೇ, ಅದೇನು ನಿನ್ನ ಗಂಡನಾ?"

"ಸಾರಿ ಅತ್ತೆ" ಎಂದು ತಲೆ ತಗ್ಗಿಸಿದವಳು ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಗಂಡನ ದನಿ ಬರೋದು ಇದ್ರಲ್ಲೇ ಅಲ್ವೇನೇ?" ಅಂದಳು. ಸಿಂಕಿನ ನಲ್ಲಿಯನ್ನು ಜೋರಾಗಿ ಬಿಟ್ಟು ಇಬ್ಬರೂ ನಕ್ಕೆವು.

ಅತ್ತೆ ಓಡಾಡುವಂತಾದ ಮೇಲೆ ಅಕ್ಕ ನಮ್ಮ ಊರಿಂದ ರೈಲಿನಲ್ಲಿ ಹೋಗಬೇಕಾದ ಡೌನ್‌ಟೌನಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನನ್ನ ಆಫೀಸೂ ಅಲ್ಲೇ, ಹಾಗಾಗಿ ಜೊತೆಗೇ ಓಡಾಟ. ರೈಲು ಹತ್ತುವಾಗಲೆಲ್ಲ "ಮ್ಯಾನರಿಗೆ ಹಾಕೇ" ಅನ್ನುವಳು. ಫೋನಿನ ಸದ್ದಡಗಿಸುವುದಕ್ಕೆ ಜಪಾನಿನಲ್ಲಿ ಅದೇ ಹೆಸರಂತೆ. ಎರಡಂತಸ್ತಿನ ರೈಲಿನ ಮೇಲಿನ ಮಹಡಿಯಲ್ಲಿ, ಸದ್ದು ಮಾಡಬಾರದ ಕ್ವಯೆಟ್ ಝೋನಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟು ಕೂತಲ್ಲೇ ನಿದ್ದೆ ಹೋಗುವಳು, ಇಳಿಯುವ ಸ್ಟೇಷನ್ ಬಂದರೆ ಯಾರೂ ಎಬ್ಬಿಸದೆ ಎದ್ದು ನಿಲ್ಲುವಳು. ಟೋಕಿಯೋದಲ್ಲಿ ಎಲ್ಲರೂ ಹಾಗೇ ಮಲಗೋದು ಅನ್ನುತ್ತಿದ್ದಳು. ನಮ್ಮ ಡಬ್ಬಿಯಲ್ಲಿ ದಿನಾ ಬರುವವರಿಗೆಲ್ಲ ಅವಳ ಈ ಅಭ್ಯಾಸ ಗೊತ್ತಿತ್ತು.

ಒಂದು ಸಲ ಯಾರಿಗೋ ತಲೆಸುತ್ತು ಬಂದು, ಪಕ್ಕದವರು ಸಹಾಯಕ್ಕೆಂದು ಕಿಟಕಿಯ ಮೇಲಿನ ಹಳದಿ ಅಲಾರ್ಮ್ ಪಟ್ಟಿ ಒತ್ತಿ, ರೈಲು ಮಾಲ್ಟನ್ ಸ್ಟೇಷನ್ನಿನಲ್ಲಿ ತುಂಬಾ ಹೊತ್ತು ನಿಂತಿತು.

"ಪಾಪ, ಅವ್ರಿಗೆ ಎಷ್ಟು ನಾಚಿಕೆಯಾಯ್ತೋ. ಇಷ್ಟು ಜನಕ್ಕೆ ಲೇಟು" ಎಂದು ಅಕ್ಕ ಪೇಚಾಡಿದಳು.

"ನಿಂಗೆ ಹಂಗಾದ್ರೆ ಕಿರುಚ್ತೀಯೋ ಇಲ್ವೋ?" ಎಂದು ಗದರಿದೆ.

"ಟ್ರೈನಲ್ಲೇನೇ? ಛೆ!" ಅಂದಳು. ಅವಳಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಕಳೆದ ಚಳಿಗಾಲದ ಒಂದು ಸಂಜೆ ನಾನು ರಜೆಯಲ್ಲಿದ್ದೆ, ಅವಳು ಒಬ್ಬಳೇ ಬರುತ್ತಿದ್ದಳು. "ಎದೆ ಹಿಡ್ಕೊಂಡಂಗಿದೆ. ಇಳಿದ ಮೇಲೆ ಹೇಳ್ತೀನಿ" ಎಂದು ಮೆಸೇಜು ಬಂತು. ಕೂಡಲೇ ಫೋನು ಮಾಡಿದೆ. ಎತ್ತಲಿಲ್ಲ. "ಟ್ರೈನಲ್ಲಿದೀನಿ ಕಣೇ" ಎಂದು ಇನ್ನೊಂದು ಮೆಸೇಜು ಬಂತು. ಹಳದಿ ಪಟ್ಟಿ ಒತ್ತು, ಪಕ್ಕದವರನ್ನು ಕರಿ ಎಂದು ಬರೆದೆ. ಉತ್ತರವಿಲ್ಲ. ಮತ್ತೆ ಮತ್ತೆ ಫೋನು ಮಾಡಿದೆ. ಕೊನೆಗೆ ಆಂಬುಲೆನ್ಸಿಗೆ ಫೋನು ಮಾಡಿದೆ. ಅವರು ಯಾವ ರೈಲು, ಯಾವ ಡಬ್ಬಿ ಎಂದು ನನ್ನನ್ನು ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ರೈಲು ಜಾರ್ಜ್‌ಟೌನಿಗೇ ಬಂದುಬಿಟ್ಟಿತ್ತು. ನಾನು ಸ್ಟೇಷನ್ನಿಗೆ ಓಡಿ ಬರುವಷ್ಟರಲ್ಲಿ ಅಕ್ಕ ಸೀಟಿನಲ್ಲೇ ಹೋಗಿಬಿಟ್ಟಿದ್ದಳು.

ದಿನಾ ಅವಳ ಎದುರು ಕೂರುತ್ತಿದ್ದ ಪಂಜಾಬಿ ಹೆಂಗಸು ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈ ಹಿಡಿದು, "ದೀದಿ ಡೈಲಿ ಸೋತೀ ಹೈ, ಖುದ್ ಉಠ್ ಜಾತೀ ಹೈ" ಎಂದು ಅಳುತ್ತಲೇ ಇದ್ದರು. ದಿನದಂತೆ ನಿದ್ದೆ ಮಾಡುತ್ತಿದ್ದಾಳೆ, ತಾನೇ ಏಳುತ್ತಾಳೆಂದು ಯಾರೂ ಎಬ್ಬಿಸಿರಲಿಲ್ಲ. ತೊಡೆಯ ಮೇಲೆ ಫೋನು ಒಂದೇ ಸಮನೆ ಅದುರುತ್ತಿದ್ದುದನ್ನು ಕಂಡೂ, ಇನ್ನೊಬ್ಬರ ಫೋನು ಎಂದು ಮುಟ್ಟಿರಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಭಾವ ಮರುದಿನವೇ ಬಂದರು. ಇಷ್ಟು ವರ್ಷ ಸಿಗದ ರಜೆ ಈಗ ಸಿಕ್ಕಿತ್ತು. ಫ್ಯೂನರಲ್ ಹೋಮಿನ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಜಪಾನಿನವರ ಹಾಗೆ ಸೊಂಟ ಬಗ್ಗಿಸಿ, "ಯಾರಿಗೂ ಒಂದಿಷ್ಟೂ ತೊಂದ್ರೆ ಕೊಡದೆ ಹೋದ್ಲು ನೋಡಿ, ಪುಣ್ಯವಂತೆ" ಎನ್ನುತ್ತಿದ್ದರು. ಬಂದವರು ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಅತ್ತೆಯೂ ಅದನ್ನೇ ಅಂದರು. ನನಗೆ ತಡೆಯಲಾಗಲಿಲ್ಲ.

"ತೊಂದ್ರೆ ಕೊಡ್ಬೇಕಿತ್ತು ಭಾವ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. "ಮೊದ್ಲು ನಿಮಗೇ ಕೊಡ್ಬೇಕಿತ್ತು."