ಗುಡ್ಡದ ಬುಡಕ್ಕೆ ಇಟ್ಟ ಬೆಂಕಿ

ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹೆಂಡತಿ ಇರುವವರೆಗೆ ಬೇಡ ಅಂದುಕೊಂಡೆ. ಅವಳು ಹೋಗಿಯೂ ವರ್ಷಗಳಾದವು. ಇನ್ನು ನೆಪ ಉಳಿದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಿಟ್ಟೂರಿನ ಹತ್ತಿರ ನಮ್ಮೂರು. ಅವ್ವನ ಮೊದಲ ಮಗುವನ್ನು ಎಲ್ಲರೂ ಗಂಡೆಂದೇ ಬೆಳೆಸಿದ್ದರು. ಪ್ರಾಯಕ್ಕೆ ಬಂದ ಮೇಲೆ ಅವಳು ಸೀರೆ ಉಟ್ಟಳು. ಅಪ್ಪ ಹೊಡೆದು ಹೊರಗೆ ಹಾಕಿದ. ಗುಡ್ಡದ ನಡುವೆ ಗುಡಿಸಲು ಹಾಕಿಕೊಂಡು, ಉದುರಿದ ನವಿಲುಗರಿ ಆಯ್ದು ಬೀಸಣಿಗೆ ಕಟ್ಟಿ ತುಮಕೂರಿನಲ್ಲಿ ಮಾರುತ್ತಿದ್ದಳು. ನಾನು ಕದ್ದು ಹೋಗಿ ನೋಡಿ ಬರುತ್ತಿದ್ದೆ.

"ಹೆಣ್ಣು ನವಿಲು ನೋಡೋ, ಮಣ್ಣು ಮೆತ್ಕೊಂಡಂಗೈತೆ," ಎಂದು ನಗುತ್ತಿದ್ದಳು. "ನೀಲಿ, ಹಸಿರು ಎಲ್ಲಾ ಗಂಡಿಗೇ. ಇಷ್ಟ್ಯಾಕ್ಲಾ ಸಿಂಗಾರ ಅಂತ ಅದನ್ನ ಯಾರಾದ್ರೂ ಹೊಡ್ದವ್ರಾ?"

ಮೊದಲ ಮಳೆಗೆ ದನಗಳಿಗೆ ಎಳೆಹುಲ್ಲು ಬರಲೆಂದು ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲು ಸುಡುವುದು ನಮ್ಮಲ್ಲಿ ರೂಢಿ. ನೆತ್ತಿಯಿಂದ ಹಚ್ಚಬೇಕು. ಆಗ ಬೆಂಕಿ ಮೆಲ್ಲಗೆ ಇಳಿಯುತ್ತದೆ, ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಬಹುದು. ಆ ವರ್ಷದ ಸರದಿ ನಮ್ಮ ಮನೆಯದು. ಅವತ್ತೇ ನನ್ನನ್ನು ನೋಡಲು ಅಮೃತೂರಿನಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹತ್ತಿ ಇಳಿಯಲು ಹೊತ್ತಾಗುತ್ತದೆಂದು ಬುಡದಲ್ಲೇ ಕಡ್ಡಿ ಗೀರಿದೆ. ಮೇಲೆ ಗುಡಿಸಲಿನಲ್ಲಿದ್ದ ಅವಳಿಗೆ ಕೂಗಿ ಹೇಳಿಯೂ ಇರಲಿಲ್ಲ.

ಗಾಳಿ ಎದ್ದಿತು. ಬೆಂಕಿ ಏರುವುದನ್ನು ಕಂಡು ಪಕ್ಕದ ಕಾಲುದಾರಿಯಲ್ಲಿ ಗುಡಿಸಲಿನತ್ತ ಓಡಿದೆ. ಹೊಗೆ ಮುಚ್ಚಿಕೊಂಡಿತು. ಕಣ್ಣು ಬಿಡಲಾಗಲಿಲ್ಲ, ಉಸಿರು ಎದೆಗಿಳಿಯಲಿಲ್ಲ. ಚಟಚಟ ಸದ್ದು ಯಾವ ಕಡೆಯದೆಂದು ತಿಳಿಯದೆ ನಿಂತಲ್ಲೇ ಸುತ್ತಿದೆ. ಒಂದು ಕೈ ನನ್ನ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿತು.

"ಓಡ್ಬ್ಯಾಡ ಕಣೋ! ಮಕಾಡೆ ಮಲ್ಕೊ, ಉಸಿರು ಕೆಳಗೈತೆ."

ಸೆರಗು ಹರಿದು ಚೊಂಬಿನ ನೀರಲ್ಲಿ ಅದ್ದಿ ನನ್ನ ಮೂಗು ಬಾಯಿಗೆ ಕಟ್ಟಿದಳು. "ಸುಟ್ಟಿರೋ ಕಡೇಗೇ ನಡಿ. ಅಲ್ಲಿ ಬೆಂಕಿಗೆ ತಿನ್ನಾಕೆ ಏನೂ ಉಳ್ದಿಲ್ಲ."

ಉರಿ ತಗ್ಗಿದಲ್ಲಿ ದಾಟಿ, ಕರಕಲು ನೆಲದ ಮೇಲೆ ತೆವಳಿ ಇಳಿದೆವು. ಹಿಂದೆ ಅವಳ ಗುಡಿಸಲು ಉರಿಯುತ್ತಿತ್ತು.

ಕೆಳಗೆ ಊರವರ ಜೊತೆ ಅಮೃತೂರಿನವರೂ ನಿಂತಿದ್ದರು.

"ಏನ್ಲಾ ಇದು, ಮೀಸೆ ಬೋಳಿಸ್ಕೊಂಡು ಸೀರೆ ಉಟ್ಟೈತೆ!" ಹುಡುಗಿಯ ಸೋದರಮಾವ ನಕ್ಕ. "ನಿಮ್ಮೋರಾ?"

ಅಪ್ಪ ನನ್ನನ್ನು ನೋಡಿದ. ಹೊಗೆಯೊಳಗೂ ನಾನು ಅಷ್ಟು ಹೆದರಿರಲಿಲ್ಲ.

"ಅಲ್ಲ," ಎಂದೆ.

ಅವಳು ಯಾರೆಂದೂ, ಸುಡುವ ಸರದಿ ಯಾರದೆಂದೂ ಊರಿಗೆಲ್ಲ ಗೊತ್ತಿತ್ತು. ಕೂಡಿಬಂದ ಸಂಬಂಧ ಕೆಡಿಸಬಾರದೆಂದು ಒಬ್ಬರೂ ಬಾಯಿ ಬಿಡಲಿಲ್ಲ.

"ಹಂಗಾದ್ರೆ ಬೆಂಕಿ ಇಕ್ಕಿದ್ದು ಇವ್ನೇ ಕಣ್ರಲಾ!" ಎಂದು ಆ ಮಾವ ಅವಳತ್ತ ಬೆರಳು ತೋರಿಸಿದ.

ಬೆಂಕಿಪೊಟ್ಟಣ ನನ್ನ ಜೇಬಿನಲ್ಲಿತ್ತು. ಅವಳು ನನ್ನ ಬಾಯನ್ನೇ ನೋಡುತ್ತ ನಿಂತಳು. ನಾನು ನೆಲ ನೋಡಿದೆ. ಬೆಂಕಿ ಬಡಿಯಲು ತಂದಿದ್ದ ಹೊಂಗೆ ಕೊಂಬೆಗಳಿಂದಲೇ ಬಡಿಯುತ್ತ ಅವಳನ್ನು ರೈಲುಹಳಿಯ ಆಚೆಗೆ ಅಟ್ಟಿದರು. ಹಚ್ಚಿದವನು ಯಾರೆಂದು ಅವಳು ಹೇಳಲಿಲ್ಲ.

ಮದುವೆಯಾಯಿತು. ಆಮೇಲೆ ಗುಬ್ಬಿ, ಕುಣಿಗಲ್ ಸಂತೆಗಳಲ್ಲಿ ಎತ್ತರದ ಹೆಂಗಸೊಬ್ಬಳ ಬೆನ್ನು ಕಂಡರೂ ಬೇರೆ ಬೀದಿ ಹಿಡಿಯುತ್ತಿದ್ದೆ. ಒಂದು ದಿನವೂ ಹುಡುಕಿ ಹೋಗಲಿಲ್ಲ. ನಾನು ತಪ್ಪೊಪ್ಪಿಕೊಂಡು ಕ್ಷಮೆ ಕೇಳಬೇಕಿದ್ದದ್ದು ಅವಳಲ್ಲಿ, ನನ್ನ ಅಕ್ಕನಲ್ಲಿ.