ಮದುವೆಗೆ ಹೋಗಿ ಬರುವ ಗಿಡಗಳು

ಕುಶಾಲನಗರದ ಸುತ್ತಮುತ್ತ ನಾನು ಹೋದಷ್ಟು ಮದುವೆಗಳಿಗೆ ಪುರೋಹಿತರೂ ಹೋಗಿರಲಾರರು. ಆದರೆ ಒಂದನ್ನು ಬಿಟ್ಟರೆ ಇನ್ಯಾವುದರಲ್ಲೂ ಧಾರೆ ನೋಡಿದವಳಲ್ಲ. ನಮ್ಮದು ಪಾಮ್ ಗಿಡಗಳ ನರ್ಸರಿ. ಅರ್ಧ ಗಿಡ ಮಾರಾಟಕ್ಕೆ, ಇನ್ನರ್ಧ ಬಾಡಿಗೆಗೆ. ಮಂಟಪದ ಎರಡೂ ಬದಿಯಲ್ಲಿ, ಛತ್ರದ ಬಾಗಿಲಲ್ಲಿ, ಗಂಡುಹೆಣ್ಣು ಫೋಟೋಗೆ ನಿಲ್ಲುವ ಕಡೆ, ಹಳದಿ ದಂಟಿನ ಗಿಡಗಳು ಕುಂಡದಲ್ಲಿ ನಿಂತಿರುತ್ತವಲ್ಲ, ಅವು ನಮ್ಮಲ್ಲಿಂದ ಹೋದವು. ಜನ ಅವನ್ನು ಶೋ ಗಿಡ ಅನ್ನುತ್ತಾರೆ. ಮದುವೆಯ ಹಿಂದಿನ ಸಂಜೆ ನಾನೂ ನಮ್ಮ ಯಜಮಾನರೂ ಗೂಡ್ಸ್ ಆಟೋದಲ್ಲಿ ತಂದು ಇಳಿಸಿ, ಎಲೆ ಒರೆಸಿ, ನೀರು ಹಾಕಿ ಹೋಗುತ್ತೇವೆ. ಮಾರನೆಯ ದಿನ ಊಟದ ಹೊತ್ತಿಗೆ ಬಂದು ಎತ್ತಿಕೊಂಡು ಹೋಗುತ್ತೇವೆ. ಯಜಮಾನರು ಉಂಡೇ ಬರುತ್ತಾರೆ. ಅವರಿಗೆ ಯಾರ ಮದುವೆಯಾದರೂ ನೆಂಟರ ಮನೆಯದೇ. ನಾನು ಮಣ್ಣಾದ ಸೀರೆಯಲ್ಲಿ ಅಡುಗೆಮನೆಯ ಹಿಂಬಾಗಿಲ ಹತ್ತಿರ ನಿಂತಿರುತ್ತೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಆ ಗಾದೆ ಕಟ್ಟಿದವರು ಮದುವೆಗೆ ಕುಂಡ ಹೊತ್ತು ನೋಡಿರಲಿಲ್ಲ. ಒದ್ದೆ ಮಣ್ಣು ತುಂಬಿದ ಕುಂಡವನ್ನು ಮೆಟ್ಟಿಲು ಹತ್ತಿಸಿ ಹತ್ತಿಸಿ ನನ್ನ ಮಂಡಿ ಎರಡೂ ಹೋಗಿವೆ. ಸೊಂಟ ಯಾವತ್ತೋ ಹೋಯಿತು. ಡಾಕ್ಟರು ಭಾರ ಎತ್ತಬೇಡಿ ಅಂದರು. ಹಾಗಾದರೆ ಗಿಡಗಳೇ ನಡೆದುಕೊಂಡು ಹೋಗಲಿ ಅಂತ ಹೇಳಿ ಬಂದೆ.

ಹೋಗುವಾಗ ಮದುವಣಗಿತ್ತಿಯ ಹಾಗೆ ಹೋಗುವ ಗಿಡ ಬರುವಾಗ ಬಾಡಿ ಬೆಂಡಾಗಿ ಬರುತ್ತದೆ. ಬುಡದಲ್ಲಿ ಕಾಫಿ ಕುಡಿದ ಪೇಪರ್ ಲೋಟ, ಎಲೆಅಡಿಕೆಯ ಉಗುಳು, ಯಾರೋ ಚೆಲ್ಲಿದ ಮಜ್ಜಿಗೆ. ಒಮ್ಮೆ ಅಡುಗೆಯವರು ಬಿಸಿ ಗಂಜಿಯನ್ನೇ ಗಿಡದ ನೆತ್ತಿಯ ಮೇಲೆ ಸುರಿದಿದ್ದರು. ಪಾಮ್ ಗಿಡದ ದಂಟಿಗೆ ಒಂದೇ ಸುಳಿ. ಸುಳಿ ಬೆಂದರೆ ಆ ದಂಟು ಮುಗಿಯಿತು, ಪಕ್ಕದಿಂದ ಟೊಂಗೆ ಒಡೆಯುವ ಜಾತಿಯಲ್ಲ ಅದು. ಬುಡದಿಂದ ಮರಿ ಬಂದರೆ ಬಂತು. ಬಂದ ಗಿಡಗಳನ್ನೆಲ್ಲ ತೊಳೆದು, ಸುಟ್ಟ ತುದಿ ಕತ್ತರಿಸಿ, ಹಸಿರು ನೆಟ್ಟಿನ ಕೆಳಗೆ ಬಾಣಂತಿಯರಂತೆ ನೆರಳಿಗೆ ಇಡುತ್ತೇನೆ. ಅವು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮುಹೂರ್ತ. ಅವಕ್ಕಾದರೂ ಸರದಿಯಲ್ಲಿ ವಿಶ್ರಾಂತಿ ಸಿಗುತ್ತದೆ, ನನಗೆ ಆ ಸರದಿ ಬಂದಿಲ್ಲ.

ಲಗ್ನದ ಕಾಲ ಮುಗಿದು ಮೊದಲ ಮಳೆ ಬಿದ್ದ ಮೇಲೆ ಮರಿ ಬಿಡಿಸುವ ಕೆಲಸ. ಒತ್ತಾಗಿ ಬೆಳೆದ ಗಿಡವನ್ನು ಕುಂಡದಿಂದ ಅಡ್ಡ ಕೆಡವಿ, ಮಣ್ಣು ಉದುರಿಸಿ, ದಂಟುಗಳ ನಡುವೆ ಕೈಗರಗಸ ಆಡಿಸಬೇಕು. ಪ್ರತಿ ಪಾಲಿಗೂ ನಾಲ್ಕು ದಂಟು, ಜೊತೆಗೆ ಅದರದೇ ಬೇರು. ಬೇರಿಲ್ಲದ ಪಾಲು ಎಷ್ಟು ಹಸಿರಾಗಿ ಕಂಡರೂ ಬದುಕುವುದಿಲ್ಲ. ಬಿಡಿಸಿದ ಗಿಡ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತದೆ. ಆಗ ಅದಕ್ಕೆ ಜಾಸ್ತಿ ನೀರು ಹಾಕುವ ಆಸೆಯಾಗುತ್ತದೆ. ಹಾಕಬಾರದು.

ಈ ಪಾಠವನ್ನು ನಾನು ಅತಿ ಹೆಚ್ಚು ಸಲ ಹೇಳಿದ್ದು ನನ್ನ ಮಗಳಿಗೆ. ನಮಗೆ ಅವಳೊಬ್ಬಳೇ. ಪಿಯುಸಿ ಓದುವಾಗ ಹಟ ಮಾಡಿ ಒಂದು ಗಿಡವನ್ನು ತಾನೇ ಗರಗಸ ಹಿಡಿದು ಎರಡು ಮಾಡಿದಳು. ಆಮೇಲೆ ಅವಕ್ಕೆ ಏನಾಗುತ್ತದೋ ಎಂಬ ದಿಗಿಲಿಗೆ ಕಾಲೇಜಿನಿಂದ ಬಂದವಳೇ ಚೊಂಬು ಹಿಡಿದು ಓಡುತ್ತಿದ್ದಳು. "ಸಾಕು ಕಣೆ, ಬುಡ ಕೊಳೆಯುತ್ತೆ" ಅಂತ ನಾನು ಕೂಗುತ್ತಿದ್ದೆ. ಎರಡೂ ಗಿಡ ಬದುಕಿದವು. ಅವು ಅವಳವು; ಯಾರು ಕೇಳಿದರೂ ಬಾಡಿಗೆಗೆ ಕಳಿಸಿಲ್ಲ. ಬಾವಿಯ ಪಕ್ಕ ಈಗ ನನ್ನ ತಲೆ ಮೀರಿ ಬೆಳೆದಿವೆ.

ಹೋದ ವರ್ಷ ಅವಳಿಗೆ ಮಡಿಕೇರಿಯ ಗಂಡು ಗೊತ್ತಾಯಿತು. ಛತ್ರ, ಅಡುಗೆಯವರು ಎಲ್ಲ ಗೊತ್ತು ಮಾಡಿದ ಮೇಲೆ ಒಂದು ದಿನ ರಾಗವಾಗಿ ಶುರು ಮಾಡಿದಳು.

"ಅಮ್ಮ, ಮಂಟಪದ ಹತ್ರ ನನ್ನವೆರಡು ಗಿಡ ಇಡೋಣ."

"ಯಾವ ಗಿಡನೂ ಬರಲ್ಲ ನಿನ್ನ ಮದ್ವೆಗೆ."

"ಊರೋರ ಮದ್ವೆಗೆಲ್ಲ ಕಳ್ಸಿದ್ದೀಯ, ನನ್ನ ಮದ್ವೆಗೆ ಬ್ಯಾಡ್ವಾ?"

"ಊರೋರ ಮದ್ವೇಲಿ ನಾನು ಕುಂಡ ಹೊರೋಳು. ನಿನ್ನ ಮದ್ವೇಲಿ ನಾನು ತಾಯಿ ಕಣೆ. ಗಿಡ ಬಂದ್ರೆ ನನ್ನ ಕಣ್ಣು ಅದರ ಮೇಲೇ ಇರುತ್ತೆ. ಯಾರು ಲೋಟ ಬಿಸಾಕಿದ್ರು, ಯಾರು ಉಗಿದ್ರು ಅಂತ. ಅದೊಂದಿನ ನಿನ್ನ ನೋಡ್ತೀನಿ, ಬುಡು."

ಯಜಮಾನರು ಮಧ್ಯೆ ಬಾಯಿ ಹಾಕಿದರು. "ಎರಡು ಕುಂಡ ತಾನೆ, ನಾನೇ ಹೊತ್ಕೊಂಡ್ ಬತ್ತೀನಿ."

"ನೀವು ಹೊರೋದೆಲ್ಲ ಊಟದೆಲೆ ಕಾಣೋ ತನಕ" ಅಂದೆ. ಅವರು ನಕ್ಕರು, ಮಗಳು ನಗಲಿಲ್ಲ. ಮತ್ತೆ ಕೇಳಲೂ ಇಲ್ಲ.

ಮಂಟಪ ಸಿಂಗರಿಸುವವನು ನಮ್ಮ ಹಳೆಯ ಗಿರಾಕಿ. ಈಚೆಗೆ ನಮ್ಮಿಂದ ಗಿಡ ಒಯ್ಯುವುದನ್ನು ಕಡಿಮೆ ಮಾಡಿದ್ದ. "ಪ್ಲಾಸ್ಟಿಕ್ಕಿಂದು ಹಾಕ್ತೀನಿ ಅಕ್ಕ, ನೀರಿನ ಕಾಟ ಇಲ್ಲ" ಅಂದ. ನನ್ನ ಹೊಟ್ಟೆಯ ಮೇಲೆ ಹೊಡೆಯುವ ಮಾತನ್ನು ನನ್ನೆದುರಿಗೇ ಅಷ್ಟು ಸಲೀಸಾಗಿ ಹೇಳಿದ. ಹಾಕು ಅಂದೆ. ಅಷ್ಟು ದಣಿದಿದ್ದೆ.

ಮದುವೆಯ ದಿನ ರೇಷ್ಮೆ ಸೀರೆ ಉಟ್ಟು ಮುಂಬಾಗಿಲಿಂದಲೇ ಒಳಗೆ ಹೋದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ ಕೂಡ. ಅಷ್ಟರಲ್ಲಿ ಯಾರೋ ಅರಿಶಿನ ಎಲ್ಲಿ ಅಂದರು, ಇನ್ಯಾರೋ ಬೀಗರಿಗೆ ಕಾಫಿ ಹೋಗಿಲ್ಲ ಅಂದರು. ಹೆಣ್ಣಿನ ತಾಯಿ ಕೂರುವುದುಂಟೇ? ಆದರೂ ಕೈಯಲ್ಲಿ ಮಣ್ಣಿರಲಿಲ್ಲ, ಅದೇ ಸಂತೋಷ. ಮಂಟಪದ ಎರಡೂ ಕಡೆ ಪ್ಲಾಸ್ಟಿಕ್ ಪಾಮ್‌ಗಳು ಮಿರಮಿರ ಮಿಂಚುತ್ತಿದ್ದವು. ಒಂದರ ಬುಡದಲ್ಲಿ ಆಗಲೇ ಪೇಪರ್ ಲೋಟ ಬಿದ್ದಿತ್ತು. ಬಿದ್ದಿರಲಿ ಅಂತ ಬಿಟ್ಟೆ.

ಧಾರೆಯ ಹೊತ್ತು ಬಂತು. ಗಂಡುಹೆಣ್ಣಿನ ಕೈ ಜೋಡಿಸಿ, ತೆಂಗಿನಕಾಯಿ ಇಟ್ಟು, ಯಜಮಾನರು ಕೆಳಗೆ ಕೈ ಹಿಡಿದರು. ಹಾಲು ಬೆರೆಸಿದ ನೀರಿನ ಗಿಂಡಿ ನನ್ನ ಕೈಗೆ ಬಂತು. ನೀರು ಹಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಳೆಯಂತೆ, ಒಂದು ಹನಿ ಆಚೆ ಬೀಳದಂತೆ ಬಿಟ್ಟೆ. ವಾದ್ಯ ಜೋರಾಯಿತು, ಅಕ್ಷತೆ ಬಿತ್ತು. ಪುರೋಹಿತರು ಸಾಕು ಅಂದರಂತೆ. ನನಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತೇನೋ, ಕೈ ನಿಲ್ಲಲಿಲ್ಲ. ಆಗ ಮಗಳು ತಲೆ ಎತ್ತದೆ, ನನಗಷ್ಟೇ ಕೇಳುವ ಹಾಗೆ ಅಂದಳು:

"ಸಾಕಮ್ಮ, ಬುಡ ಕೊಳೆಯುತ್ತೆ."

ನಗು ಬಂತು, ನಗುವಿನ ಹಿಂದೆಯೇ ಅಳು ನುಗ್ಗಿತು. ಎಲ್ಲರೆದುರು ಅತ್ತೆ. ಅವಳೂ ಅತ್ತಳು.

ಎಲ್ಲ ಮುಗಿದ ಮೇಲೆ ಪುರೋಹಿತರು ತಟ್ಟೆಯಲ್ಲಿ ಸೇರಿದ್ದ ಧಾರೆಯ ನೀರನ್ನು ನನ್ನ ಕಡೆ ಸರಿಸಿದರು. "ಇದನ್ನ ಯಾರೂ ತುಳಿಯದ ಕಡೆ, ಒಂದು ಗಿಡದ ಬುಡಕ್ಕೆ ಹಾಕಿಬಿಡಿಯಮ್ಮ" ಅಂದರು. ತಟ್ಟೆ ಎತ್ತಿಕೊಂಡು ಅಭ್ಯಾಸಬಲದಿಂದ ಮಂಟಪದ ಪಕ್ಕದ ಕುಂಡಕ್ಕೆ ಬಗ್ಗಿದೆ. ಒಳಗೆ ಥರ್ಮಾಕೋಲು, ಮೇಲೊಂದಿಷ್ಟು ಬಿಳಿ ಕಲ್ಲು. ಇನ್ನೊಂದೂ ಹಾಗೇ. ಛತ್ರದ ಅಂಗಳಕ್ಕೆ ಹೋದೆ. ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಕಲ್ಲು, ಅದರ ಮೇಲೆ ಬೈಕುಗಳು. ಊರಿನ ಅಷ್ಟು ಮದುವೆಗೆ ಗಿಡ ಹೊತ್ತ ನಾನು, ಸ್ವಂತ ಮಗಳ ಧಾರೆಯ ನೀರು ಹಿಡಿದು ಜೀವ ಇರುವ ಒಂದು ಗಿಡ ಹುಡುಕುತ್ತ ತಿರುಗಿದೆ. ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಲಿ? ಬೇಡ ಅಂದವಳು ನಾನೇ.

ಮಗಳು ನೋಡುತ್ತಿದ್ದಳು. ಬಂದು ತಟ್ಟೆಯ ನೀರನ್ನು ಚೊಂಬಿಗೆ ಬಗ್ಗಿಸಿ, ಬಾಳೆಲೆಯ ಚೂರು ಮುಚ್ಚಿ ಕೊಟ್ಟಳು. "ಮನೇಗೆ ತಗೊಂಡೋಗಮ್ಮ" ಅಂದಳು. ಯಾವ ಗಿಡಕ್ಕೆ ಅಂತ ಹೇಳಲಿಲ್ಲ.

ಸಂಜೆ ಅವಳನ್ನು ಗಂಡಿನ ಕಡೆಯವರ ಕಾರು ಹತ್ತಿಸಿ, ನಾವು ಗೂಡ್ಸ್ ಆಟೋದಲ್ಲಿ ಪಾತ್ರೆಗಳ ಜೊತೆ ಮನೆಗೆ ಬಂದೆವು. ಚೊಂಬು ದಾರಿಯುದ್ದಕ್ಕೂ ನನ್ನ ಮಡಿಲಲ್ಲಿತ್ತು. ಯಜಮಾನರು ಪಾತ್ರೆ ಇಳಿಸುತ್ತಿದ್ದಾಗ ಬಾವಿಯ ಹತ್ತಿರ ಹೋದೆ. ಹಾಲು ಬೆರೆತ ನೀರಿಗೆ ಇರುವೆ ಮುತ್ತುತ್ತದೆ, ಬೇರೆ ಯಾರಾದರೂ ಹಾಕಿದ್ದರೆ ಬೈಯುತ್ತಿದ್ದೆ. ಅವಳ ಎರಡು ಗಿಡಕ್ಕೂ ಸಮವಾಗಿ ಹಾಕಿದೆ. ಆಗ ಕಂಡಿತು: ಮದುವೆಯ ಗಡಿಬಿಡಿಯಲ್ಲಿ ಯಾರೂ ನೀರು ಹಾಕದೆ ಮಣ್ಣು ಬಿರುಕು ಬಿಟ್ಟಿತ್ತು, ಎಲೆಗಳು ಮಡಚಿಕೊಂಡಿದ್ದವು. ಮಂಡಿ ಕಿರುಗುಟ್ಟುತ್ತಿತ್ತು. ಒಂದು ದಿನ, ಬರೀ ಒಂದು ದಿನ ಸುಮ್ಮನಿರೋಣ ಅಂದುಕೊಂಡಿದ್ದೆ. ರೇಷ್ಮೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಪೈಪು ಎಳೆದುಕೊಂಡೆ.

ಮೊದಲನೆಯ ಕುಂಡ ತುಂಬಿತು. ಎರಡನೆಯದೂ ತುಂಬಿ, ನೀರು ಅಂಚು ದಾಟಿ ನನ್ನ ಕಾಲಿನ ಮೇಲೆ ಹರಿಯತೊಡಗಿತು. ಪೈಪು ಹಿಡಿದು ನಿಂತೇ ಇದ್ದೆ. ಸಾಕಮ್ಮ ಅನ್ನುವವಳು ಮಡಿಕೇರಿಯಲ್ಲಿದ್ದಳು.